ತೂಕದ ನಿಂಫ್: ಹೇಮಾವತಿಗಾಗಿ ಗಾಳ ಕಟ್ಟುವ ಬಗೆಯನ್ನು ಕುರಿತ ಸಂವಾದ

ಹರಿಯುವ ನೀರಿನ ತಳದಲ್ಲಿ ಬದುಕುವ ಮರಿಕೀಟಗಳ ರೂಪವನ್ನು ದಾರ, ಪುಕ್ಕ, ಉಣ್ಣೆ ಮತ್ತು ಲೋಹಗಳಿಂದ ಗಾಳದ ಮೇಲೆ ಕಟ್ಟಿ, ಅದನ್ನು ಸೆಳೆತದೊಂದಿಗೆ ಮೀನಿನ ಮುಂದೆ ಹಾಯಿಸುವ ವಿದ್ಯೆಗೆ ಇಂಗ್ಲೆಂಡಿನಲ್ಲಿ ನೂರು ವರ್ಷಗಳಿಗೂ ಮಿಕ್ಕಿದ ಲಿಖಿತ ಪರಂಪರೆಯಿದೆ. ಕಾವೇರಿ ಕೊಳ್ಳದಲ್ಲಿ ಮೀನು ಹಿಡಿಯುವ ಪರಂಪರೆ ಅದಕ್ಕಿಂತ ಬಹಳ ಹಳೆಯದಾದರೂ, ಅದು ಬಲೆ, ಕೂಳಿ ಮತ್ತು ಎರೆಗಾಳಗಳ ಪರಂಪರೆಯೇ ಹೊರತು ಕೃತಕ ಕೀಟವನ್ನು ಕಟ್ಟುವ ಪರಂಪರೆಯಲ್ಲ. ಇವೆರಡೂ ಸಂಧಿಸುವ ಜಾಗವೊಂದನ್ನು ಹುಡುಕುವ ಈ ಸಂವಾದದಲ್ಲಿ ಮಾತನಾಡುವವರು ಇಬ್ಬರು: ಪ್ರಾಣಿಶಾಸ್ತ್ರವನ್ನು ಕಲಿಸಿ ನಿವೃತ್ತರಾದ ಮೇಷ್ಟ್ರು ಒಬ್ಬರು, ಕೃಷ್ಣರಾಜಪೇಟೆ ತಾಲ್ಲೂಕಿನ ಸಿಂಧಘಟ್ಟದವನಾದ ಅವರ ಹಳೆಯ ಶಿಷ್ಯ ಇನ್ನೊಬ್ಬ. ಹೊಯ್ಸಳರ ಕಾಲದ ಲಕ್ಷ್ಮೀನಾರಾಯಣ ದೇಗುಲವಿರುವ ಸಿಂಧಘಟ್ಟ ಕೆರೆಯ ನೀರಿನ ಊರು; ಹೊಳೆಯೆಂದರೆ ಆ ಸೀಮೆಯವರಿಗೆ ಮಂದಗೆರೆ, ಹೇಮಗಿರಿ, ಅಕ್ಕಿಹೆಬ್ಬಾಳುಗಳ ಮೂಲಕ ಹರಿದು ಕನ್ನಂಬಾಡಿಯ ಹಿನ್ನೀರಿನ ಕಡೆಗೆ ಸಾಗುವ ಹೇಮಾವತಿಯೇ.

ಶಿಷ್ಯ: ಮೇಷ್ಟ್ರೇ, ಕೆರೆಯಲ್ಲಿ ಎರೆಹುಳು ಸಿಕ್ಕಿಸಿ ಬೆಂಡು ಕಟ್ಟಿ ಕುಳಿತವರಿಗೂ ಮೀನು ಸಿಗುತ್ತದೆ, ಹೊಳೆಯಲ್ಲಿ ರಾಗಿಹಿಟ್ಟಿನ ಉಂಡೆ ಕಟ್ಟಿ ಎಸೆದವರಿಗೂ ಸಿಗುತ್ತದೆ. ಹಾಗಿರುವಾಗ ಕೀಟದ ನಕಲೊಂದನ್ನು ಅಷ್ಟು ಶ್ರಮಪಟ್ಟು ಕಟ್ಟಿ, ಅದರೊಳಗೆ ಲೋಹವನ್ನೂ ತುಂಬುವುದರಿಂದ ಸಾಧಿಸುವುದೇನು?

ಮೇಷ್ಟ್ರು: ಎರೆಯ ಕೆಲಸ ನಡೆಯುವುದು ವಾಸನೆ ಮತ್ತು ರುಚಿಗಳಿಂದ. ಕಲ್ಯಾಣದ ಚಾಲುಕ್ಯರ ದೊರೆ ಮೂರನೆಯ ಸೋಮೇಶ್ವರ 12ನೇ ಶತಮಾನದಲ್ಲಿ ಸಂಸ್ಕೃತದಲ್ಲಿ ರಚಿಸಿದ ‘ಮಾನಸೋಲ್ಲಾಸ’ದಲ್ಲಿ ಮತ್ಸ್ಯವಿನೋದವೆಂಬ ಭಾಗವೇ ಇದ್ದು, ಮೀನುಗಳನ್ನು ಅವುಗಳ ಆಹಾರಕ್ಕೆ ತಕ್ಕಂತೆ ಬೇರ್ಪಡಿಸಿ, ಯಾವುದಕ್ಕೆ ಹಿಟ್ಟಿನ ಉಂಡೆ, ಯಾವುದಕ್ಕೆ ಮಾಂಸ ಎಂದು ಹೇಳುತ್ತದೆ, ಹೊಳೆಯ ದಂಡೆಯ ರಾಗಿಯುಂಡೆ ಅದೇ ತಿಳಿವಳಿಕೆಯ ಮುಂದುವರಿಕೆ. ಉಂಡೆಗೆ ಸೀಸದ ಗುಂಡು ಕಟ್ಟಿ ತಳದಲ್ಲಿ ಬಿಟ್ಟರೆ ಸಾಕು, ಅದು ಅಲ್ಲಾಡದೆ ಕುಳಿತಿದ್ದರೂ ಮೀನು ಮೂಸಿಕೊಂಡು ಬರುತ್ತದೆ. ಫ್ಲೈ ಎಂದು ಕರೆಯುವ ಈ ಕೃತಕ ಕೀಟಕ್ಕಾದರೋ ವಾಸನೆಯೂ ಇಲ್ಲ, ರುಚಿಯೂ ಇಲ್ಲ. ಮೀನು ಅದನ್ನು ಆಹಾರವೆಂದು ಒಪ್ಪಬೇಕಾದದ್ದು ಅದು ಇರುವ ಆಳ ಮತ್ತು ಚಲಿಸುವ ರೀತಿ ಎಂಬ ಎರಡೇ ಸಾಕ್ಷ್ಯಗಳ ಮೇಲೆ, ಮತ್ತು ಈ ಎರಡನ್ನೂ ನಿರ್ಣಯಿಸುವುದು ತೂಕ. ಆದ್ದರಿಂದ ನಿಂಫ್ ಕಟ್ಟುವವನಿಗೆ ತೂಕವೆಂಬುದು ಕೊನೆಗೆ ಸೇರಿಸುವ ವಸ್ತುವಲ್ಲ. ಕಟ್ಟುವ ಕೆಲಸ ಶುರುವಾಗುವುದೇ ಅಲ್ಲಿಂದ.

ಶಿಷ್ಯ: ನಿಂಫ್ ಎಂಬುದು ನಿರ್ದಿಷ್ಟ ಕೀಟವೇ, ಅಥವಾ ಒಂದು ಅವಸ್ಥೆಯೇ?

ಮೇಷ್ಟ್ರು: ಅವಸ್ಥೆ. ಮೇಫ್ಲೈ, ಸ್ಟೋನ್‌ಫ್ಲೈ, ಏರೋಪ್ಲೇನ್ ಚಿಟ್ಟೆ ಮುಂತಾದ ಕೀಟಗಳು ಮೊಟ್ಟೆಯೊಡೆದ ಮೇಲೆ ರೆಕ್ಕೆ ಬರುವವರೆಗೆ ನೀರಿನಲ್ಲೇ ಕಳೆಯುವ ಮರಿಯ ಅವಸ್ಥೆಗೆ ಈ ಹೆಸರು. ಕ್ಯಾಡಿಸ್ ಎಂಬ ಕೀಟದ ಮರಿ ಶಾಸ್ತ್ರೀಯವಾಗಿ ನಿಂಫ್ ಅಲ್ಲ, ಕಂಬಳಿಹುಳುವಿನಂಥ ಲಾರ್ವಾ; ಆದರೆ ಗಾಳ ಕಟ್ಟುವವರು ಅದನ್ನೂ ಇದೇ ಗುಂಪಿಗೆ ಸೇರಿಸುತ್ತಾರೆ. ಮೇಫ್ಲೈ ರೆಕ್ಕೆ ಬಿಚ್ಚಿ ಬದುಕುವುದು ಕೆಲವು ಗಂಟೆಗಳು, ಹೆಚ್ಚೆಂದರೆ ಕೆಲವು ದಿನಗಳು. ಅದಕ್ಕೆ ಮೊದಲು ವಾರಗಟ್ಟಲೆ, ತಿಂಗಳುಗಟ್ಟಲೆ ಅದು ಕಲ್ಲಿನ ಅಡಿಯಲ್ಲಿ ಇರುತ್ತದೆ. ಆದಕಾರಣ ಮೀನಿಗೆ ವರ್ಷದ ಬಹುಪಾಲು ದೊರೆಯುವ ಆಹಾರ ನೀರಿನ ಮೇಲೆ ಕುಳಿತ ಕೀಟವಲ್ಲ, ತಳದಲ್ಲಿ ತೆವಳುವ ಮರಿ. ಹೊಳೆಯ ರಚನೆಯೂ ಇದಕ್ಕೆ ಒದಗಿಬರುತ್ತದೆ: ತಳದ ಕಲ್ಲುಗಳ ಘರ್ಷಣೆಯಿಂದ ಅಲ್ಲಿಯ ಸೆಳೆತ ಮೇಲ್ಪದರಕ್ಕಿಂತ ನಿಧಾನವಾಗಿರುವುದರಿಂದ, ಮೀನು ಕಡಿಮೆ ಶಕ್ತಿ ವ್ಯಯಿಸಿ ನಿಲ್ಲುವ ಜಾಗವೂ ಅದೇ.

ಶಿಷ್ಯ: ಮೇಲಿನ ನೀರು ವೇಗವಾಗಿ, ಕೆಳಗಿನದು ನಿಧಾನವಾಗಿ ಹರಿಯುವುದಾದರೆ, ಮೇಲಿರುವ ದಾರ ಕೆಳಗಿರುವ ಗಾಳವನ್ನು ಎಳೆದುಬಿಡುವುದಿಲ್ಲವೇ?

ಮೇಷ್ಟ್ರು: ಇಡೀ ವಿದ್ಯೆಯ ಕಷ್ಟ ಇರುವುದೇ ಅಲ್ಲಿ. ಎಳೆಯಲ್ಪಟ್ಟ ಫ್ಲೈ ಸುತ್ತಲಿನ ನೀರಿಗಿಂತ ವೇಗವಾಗಿ ಓಡುತ್ತದೆ, ಜೊತೆಗೆ ಮೇಲಕ್ಕೂ ಏಳುತ್ತದೆ. ನಿಜವಾದ ಮರಿಕೀಟ ಕಲ್ಲಿನಿಂದ ಜಾರಿದಾಗ ಹಾಗೆ ಓಡುವುದಿಲ್ಲವಾದ್ದರಿಂದ ಮೀನು ಅದನ್ನು ಬಿಟ್ಟುಬಿಡುತ್ತದೆ. ತಕ್ಕಷ್ಟು ತೂಕವಿರುವ ಫ್ಲೈ ಬೇಗ ತಳ ಸೇರಿ, ದಾರದ ಎಳೆತಕ್ಕೆ ಪ್ರತಿಯಾಗಿ ನಿಂತು, ತಳದ ನೀರಿನ ವೇಗದಲ್ಲೇ ಸಾಗುತ್ತದೆ. ತೂಕ ಅತಿಯಾದರೆ ಕಲ್ಲಿನ ಸಂದಿಗೆ ಸಿಕ್ಕಿ ನಿಂತುಬಿಡುತ್ತದೆ, ಕಡಿಮೆಯಾದರೆ ನಡುನೀರಿನಲ್ಲೇ ಹಾದುಹೋಗುತ್ತದೆ. ಸ್ಕ್ಯೂಸ್ ಎಂಬ ಲಂಡನ್ನಿನ ವಕೀಲ 1910ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ, ನೀರಿನ ಮೇಲೆ ತೇಲುವ ಫ್ಲೈಯೊಂದೇ ಶ್ರೇಷ್ಠವೆಂಬ ಆ ಕಾಲದ ಮತವನ್ನು ಎದುರಿಸಿ ಮುಳುಗುವ ಫ್ಲೈಯ ಪರವಾಗಿ ವಾದಿಸಿದ. ಆದರೆ ತೂಕದ ಪ್ರಶ್ನೆಯನ್ನು ಕೈಯಾರೆ ಬಿಡಿಸಿದವನು ಏವನ್ ನದಿಯ ಕಾವಲುಗಾರನಾಗಿದ್ದ ಫ್ರಾಂಕ್ ಸಾಯರ್. 1958ರಲ್ಲಿ ‘ನಿಂಫ್ಸ್ ಅಂಡ್ ದಿ ಟ್ರೌಟ್’ ಎಂಬ ಪುಸ್ತಕ ಬರೆದ ಈತ ದಾರವನ್ನೇ ಕೈಬಿಟ್ಟು, ತೆಳುವಾದ ತಾಮ್ರದ ತಂತಿಯಿಂದಲೇ ಫೆಸೆಂಟ್ ಹಕ್ಕಿಯ ಬಾಲದ ಗರಿಯನ್ನು ಗಾಳಕ್ಕೆ ಸುತ್ತಿದ. ಹೀಗೆ ಕಟ್ಟುವ ವಸ್ತುವೂ ತೂಕದ ವಸ್ತುವೂ ಒಂದೇ ಆಯಿತು. ಈಜುವ ಮರಿಕೀಟ ಕಾಲುಗಳನ್ನು ಮೈಗೆ ಒತ್ತಿಕೊಂಡಿರುವುದನ್ನು ಹೊಳೆಯಲ್ಲೇ ಕಂಡಿದ್ದರಿಂದ ಕಾಲುಗಳ ನಕಲನ್ನೂ ಆತ ಬಿಟ್ಟ. ಗಾಳಕ್ಕೆ ಏನನ್ನು ಸೇರಿಸಬೇಕೆಂಬುದಕ್ಕಿಂತ ಏನನ್ನು ಬಿಡಬೇಕೆಂಬುದನ್ನು ಇಷ್ಟು ಸ್ಪಷ್ಟವಾಗಿ ಕಂಡವರು ಈ ವಿದ್ಯೆಯಲ್ಲಿ ಬಹಳ ಮಂದಿ ಇಲ್ಲ.

ಶಿಷ್ಯ: ಇವೆಲ್ಲವೂ ತಣ್ಣೀರಿನ ಟ್ರೌಟ್ ಮೀನಿನ ಕಥೆಯಾಯಿತು. ಟ್ರೌಟ್ ಇಲ್ಲದ ಹೇಮಾವತಿಗೆ ಇದು ಹೇಗೆ ಅನ್ವಯಿಸುತ್ತದೆ?

ಮೇಷ್ಟ್ರು: ಈ ಪ್ರಶ್ನೆಯನ್ನು ಕೈಗೆತ್ತಿಕೊಂಡವರಲ್ಲಿ ಒಬ್ಬರ ಪುಸ್ತಕ ಅಚ್ಚಾದದ್ದು ಕರ್ನಾಟಕದಲ್ಲೇ. ದಕ್ಷಿಣ ಕನ್ನಡದ ಕಲೆಕ್ಟರ್ ಆಗಿದ್ದ ಹೆನ್ರಿ ಸಲಿವನ್ ಥಾಮಸ್ ಬರೆದ ‘ದಿ ರಾಡ್ ಇನ್ ಇಂಡಿಯಾ’ 1873ರಲ್ಲಿ ಮಂಗಳೂರಿನಲ್ಲಿ ಪ್ರಕಟವಾಯಿತು. ಮಹಶೀರ್ ಎಂದು ಹೊರಗಿನವರು ಕರೆಯುವ, ಕಾವೇರಿ ತೀರದವರು ಬಿಳಿಮೀನು ಎನ್ನುವ ಮೀನನ್ನೂ, ಗೆಂಡೆಯ ಜಾತಿಯವನ್ನೂ ಫ್ಲೈಯಿಂದ ಹಿಡಿಯುವ ಮಾತು ಅದರಲ್ಲಿದೆ. ಮಹಶೀರ್‌ಗೆ ದವಡೆಯಲ್ಲಿ ಹಲ್ಲಿಲ್ಲ, ಗಂಟಲಿನಲ್ಲಿವೆ. ಬಾಯಿಯ ಒತ್ತಡ ಎಷ್ಟೆಂದರೆ ತೆಳುತಂತಿಯ ಗಾಳವನ್ನು ಅದು ಜಜ್ಜಿಬಿಡಬಲ್ಲದು. ಟ್ರೌಟ್‌ಗೆಂದು ಮಾಡಿದ ನವಿರಾದ ಗಾಳದ ಮೇಲೆ ಎಷ್ಟೇ ಅಂದವಾಗಿ ಕಟ್ಟಿದರೂ ಇಲ್ಲಿ ಅದು ಅನುಪಯುಕ್ತ. ದಪ್ಪ ತಂತಿಯ ಗಾಳವನ್ನು ಆರಿಸಿಕೊಂಡಾಗ, ಗಾಳದ ತೂಕವೇ ಫ್ಲೈಯ ತೂಕದ ಮೊದಲ ಪಾಲಾಗುತ್ತದೆ. ಮೇಲೆ ಸೇರಿಸುವ ಲೋಹವನ್ನು ಅಷ್ಟರಮಟ್ಟಿಗೆ ಕಡಿಮೆ ಮಾಡಬೇಕು. ಗಾಳದ ಅಳತೆಯ ಅಂಕಿ ದೊಡ್ಡದಾದಷ್ಟೂ ಗಾಳ ಚಿಕ್ಕದು ಎಂಬುದು ಹೊಸಬರನ್ನು ಗೊಂದಲಕ್ಕೆ ದೂಡುವ ರೂಢಿ. ಇಲ್ಲಿಯ ಗೆಂಡೆಯಂಥ ಮೀನಿಗೆ 8 ಅಥವಾ 10ನೇ ಅಳತೆ, ಅದಕ್ಕಿಂತ ಬಲವಾದ ಮೀನಿಗೆ 6ನೇ ಅಳತೆ ತಕ್ಕದ್ದು.

ಶಿಷ್ಯ: ಇನ್ನು ಲೋಹದ ವಿಷಯ. ಬೀಸುಬಲೆಯ ಅಂಚಿಗೆ ಕಟ್ಟುವುದು ಸೀಸ, ಗಾಳದ ದಾರಕ್ಕೆ ಹಾಕುವುದೂ ಸೀಸ. ಅಗ್ಗವಾಗಿ ಸಿಗುವ, ಹಲ್ಲಿನಲ್ಲಿ ಕಚ್ಚಿದರೂ ಬಾಗುವ ಸೀಸವನ್ನು ಬಿಟ್ಟು ದುಬಾರಿಯಾದ ಟಂಗ್‌ಸ್ಟನ್ ಮಣಿಯನ್ನು ಹೇಳುವುದು ಆಡಂಬರವಲ್ಲವೇ?

ಮೇಷ್ಟ್ರು: ಲೆಕ್ಕ ಹಾಕಿ ನೋಡಪ್ಪ. ಒಂದು ಘನ ಸೆಂಟಿಮೀಟರ್ ಹಿತ್ತಾಳೆ ಸುಮಾರು 8.5 ಗ್ರಾಂ ತೂಗುತ್ತದೆ, ಸೀಸ 11.3 ಗ್ರಾಂ, ಟಂಗ್‌ಸ್ಟನ್ 19.3 ಗ್ರಾಂ. ನೀರಿನಲ್ಲಿ ಮುಳುಗಿದ ವಸ್ತು ತಾನು ಸ್ಥಳಾಂತರಿಸಿದ ನೀರಿನ ತೂಕದಷ್ಟನ್ನು ಕಳೆದುಕೊಳ್ಳುವುದರಿಂದ ಪ್ರತಿಯೊಂದರಲ್ಲೂ 1 ಗ್ರಾಂ ಕಳೆಯಬೇಕು. ಆಗ ಹಿತ್ತಾಳೆಯ ಪಾಲಿಗೆ 7.5, ಸೀಸಕ್ಕೆ 10.3, ಟಂಗ್‌ಸ್ಟನ್‌ಗೆ 18.3 ಉಳಿಯುತ್ತದೆ. ಅಂದರೆ ಒಂದೇ ಗಾತ್ರದ ಮಣಿಯಲ್ಲಿ ಟಂಗ್‌ಸ್ಟನ್ ಹಿತ್ತಾಳೆಯ ಸುಮಾರು ಎರಡೂವರೆ ಪಟ್ಟು ಬಲದಿಂದ ಕೆಳಗೆ ಎಳೆಯುತ್ತದೆ. ಪುಡಿಯನ್ನು ಒತ್ತಿ ಕಾಯಿಸಿ ಮಾಡಿದ ಮಾರುಕಟ್ಟೆಯ ಮಣಿಗಳು ಶುದ್ಧ ಲೋಹಕ್ಕಿಂತ ಸ್ವಲ್ಪ ಹಗುರ, ನಡುವೆ ರಂಧ್ರವೂ ಇರುತ್ತದೆ. ಆದರೂ ಅಂತರ ಬಹಳವಾಗಿ ತಗ್ಗುವುದಿಲ್ಲ. ಇದಕ್ಕಿಂತ ಮುಖ್ಯವಾಗಿ ನೆನಪಿಡಬೇಕಾದದ್ದು, ಮಣಿಯ ತೂಕ ವ್ಯಾಸದ ಘನಕ್ಕೆ ಅನುಗುಣವಾಗಿ ಏರುತ್ತದೆ ಎಂಬುದು. 3 ಮಿಲಿಮೀಟರ್ ಮಣಿಯ ಬದಲು 4 ಮಿಲಿಮೀಟರ್ ಮಣಿ ಹಾಕಿದವನು ತೂಕವನ್ನು ಮೂರನೇ ಒಂದು ಭಾಗದಷ್ಟು ಹೆಚ್ಚಿಸಿದೆನೆಂದು ತಿಳಿಯುತ್ತಾನೆ, ಆದರೆ ವಾಸ್ತವವಾಗಿ ಅದನ್ನು ಇಮ್ಮಡಿಗಿಂತ ಹೆಚ್ಚು ಮಾಡಿರುತ್ತಾನೆ. ಇನ್ನು ಸೀಸ ವಿಷವೆಂಬುದು ಬೇರೆಯೇ ಮಾತು. ಬಾತು ಮತ್ತು ಹಂಸಗಳು ಆಹಾರ ಅರೆಯಲೆಂದು ಸಣ್ಣ ಹರಳುಗಳನ್ನು ನುಂಗುವಾಗ ಸೀಸದ ಗುಂಡುಗಳನ್ನೂ ನುಂಗಿ ಸಾಯುತ್ತಿದ್ದುದರಿಂದ ಬ್ರಿಟನ್ ತನ್ನ ನೀರುಗಳಲ್ಲಿ ಗಾಳಕ್ಕೆ ಕಟ್ಟುವ ಸಣ್ಣ ಸೀಸದ ತೂಕಗಳನ್ನು 1987ರಲ್ಲಿ ನಿಷೇಧಿಸಿತು. ಚಳಿಗಾಲದಲ್ಲಿ ಬಾತುಗಳು ಬಂದಿಳಿಯುವ ಮಂಡ್ಯ ಸೀಮೆಯ ಕೆರೆಗಳಿಗೂ ಹೊಳೆಗೂ ಅದೇ ಎಚ್ಚರಿಕೆ ಸಲ್ಲಬೇಕು. ಟಂಗ್‌ಸ್ಟನ್ ದುಬಾರಿಯೆನಿಸಿದರೆ ಹಿತ್ತಾಳೆಯ ಮಣಿಯೂ ತಾಮ್ರದ ತಂತಿಯೂ ಇವೆ. ಸೀಸವನ್ನು ಹಲ್ಲಿನಲ್ಲಿ ಕಚ್ಚುವ ಅಭ್ಯಾಸವನ್ನಂತೂ ಇಂದೇ ಬಿಡಬೇಕು.

ಶಿಷ್ಯ: ಹೊಳೆಯುವ ಮಣಿಯ ತಲೆಯುಳ್ಳ ಕೀಟ ಯಾವ ಹೊಳೆಯಲ್ಲೂ ಇಲ್ಲ. ಮಣಿ ಹಾಕಿದ ಮೇಲೂ ಅದನ್ನು ಕೀಟದ ನಕಲೆಂದು ಕರೆಯುವುದು ಸರಿಯೇ?

ಮೇಷ್ಟ್ರು: ರೂಪದ ನಕಲೆಂದರೆ ಸರಿಯಲ್ಲ, ನಡತೆಯ ನಕಲೆಂದರೆ ಸರಿ. ಹೊಳಪಿನಿಂದ ಮೀನು ಆಕರ್ಷಿತವಾಗುತ್ತದೆಂಬ ಮಾತನ್ನು ಹಲವರು ಹೇಳುತ್ತಾರೆ, ಬಗ್ಗಡದ ನೀರಿನಲ್ಲಿ ಅದಕ್ಕೆ ಅರ್ಥವೂ ಇರಬಹುದು. ಆದರೆ ತಿಳಿನೀರಿನಲ್ಲಿ ಕಪ್ಪು ಅಥವಾ ಮಾಸಲು ತಾಮ್ರಬಣ್ಣದ ಮಣಿಯೇ ಮೇಲು. ಮಣಿಯ ಬಣ್ಣಕ್ಕಿಂತ ಅದರ ಸ್ಥಾನ ಹೆಚ್ಚಿನದು. ತೂಕ ತಲೆಯಲ್ಲಿದ್ದರೆ ಫ್ಲೈ ತಲೆಕೆಳಗಾಗಿ ಧುಮುಕುತ್ತದೆ, ದಾರವನ್ನು ತುಸು ಎತ್ತಿ ಬಿಟ್ಟಾಗ ಮೇಲೇರಿ ಮತ್ತೆ ಬೀಳುತ್ತದೆ. ಗಾಳದ ನಡುಭಾಗಕ್ಕೆ ತಂತಿ ಸುತ್ತಿ ತೂಕ ಕೊಟ್ಟರೆ ಅದು ಅಡ್ಡಡ್ಡಲಾಗಿ, ಸಮನಾಗಿ ಇಳಿಯುತ್ತದೆ, ಜಾರಿದ ಮರಿಕೀಟದ ಇಳಿತಕ್ಕೆ ಇದೇ ಹೆಚ್ಚು ಹತ್ತಿರ. ದಾರ ಕಟ್ಟುವ ಕಣ್ಣಿನ ಬಳಿ ಬಾಗಿಸಿದ ಜಿಗ್ ಎಂಬ ಗಾಳಕ್ಕೆ ಸೀಳುಳ್ಳ ಮಣಿ ತೊಡಿಸಿದರೆ ಭಾರವೆಲ್ಲ ಬೆನ್ನಿನ ಕಡೆ ಸರಿದು, ಗಾಳದ ಮೊನೆ ಮೇಲ್ಮುಖವಾಗಿ ಸಾಗುತ್ತದೆ. ಬಂಡೆ ಮತ್ತು ಗುಂಡುಕಲ್ಲುಗಳ ತಳವಿರುವ ಹೊಳೆಯಲ್ಲಿ ಸಿಕ್ಕಿಬಿದ್ದು ಕಳೆದುಹೋಗುವ ಗಾಳಗಳ ಸಂಖ್ಯೆ ಇದರಿಂದ ಎದ್ದುಕಾಣುವಷ್ಟು ಇಳಿಯುತ್ತದೆ. ಹೇಮಾವತಿಗೆ ಜಿಗ್ ಗಾಳವೇ ಸರಿಯೆಂಬುದು ಈ ಕಾರಣದಿಂದ ಮಾಡಬಹುದಾದ ತೀರ್ಮಾನ.

ತೂಕವನ್ನು ಕುರಿತ ಚರ್ಚೆ ಇಲ್ಲಿಗೆ ನಿಂತು, ಮಾತು ಕಟ್ಟುವ ಸಾಮಗ್ರಿಗಳ ಕಡೆಗೆ ಹೊರಳಿತು. ಪರದೇಶದ ಸಾಮಾನಿಲ್ಲದೆ ಈ ಕೆಲಸ ಸಾಧ್ಯವಿಲ್ಲವೆಂಬ ಶಿಷ್ಯನ ಸಂಶಯಕ್ಕೆ ಮೇಷ್ಟ್ರು ಕೊಟ್ಟ ಉತ್ತರ ವಿವರವಾದದ್ದು.

ಮೇಷ್ಟ್ರು: ಗಾಳ ಮತ್ತು ಮಣಿಗಳನ್ನು ಬಿಟ್ಟರೆ ಉಳಿದುದಕ್ಕೆ ಕೃಷ್ಣರಾಜಪೇಟೆಯ ಪೇಟೆಬೀದಿ ಸಾಕು. ಪಂಪ್‌ಸೆಟ್ಟು ಮತ್ತು ಫ್ಯಾನುಗಳ ಮೋಟಾರಿಗೆ ವೈಂಡಿಂಗ್ ಮಾಡುವ ಅಂಗಡಿಯಲ್ಲಿ ಎನಾಮಲ್ ಲೇಪಿಸಿದ ತಾಮ್ರದ ತಂತಿ ತುಂಡುಗಳಾಗಿ ಉಳಿದಿರುತ್ತದೆ. ಪಂಪಿನ ತಂತಿ ದಪ್ಪವಾದ್ದರಿಂದ ಬೇಡ, ಫ್ಯಾನಿಗೆ ಬಳಸುವಂಥ 36ನೇ ಗೇಜಿನದು, ಅಂದರೆ ಸುಮಾರು 0.19 ಮಿಲಿಮೀಟರ್ ದಪ್ಪದ್ದು, ಮೈಗೆ ಸುತ್ತಲು ಹೇಳಿ ಮಾಡಿಸಿದಂತಿದೆ. ಅದರ ಎನಾಮಲ್ಲಿನ ಕೆಂಗಂದು ಬಣ್ಣ ಕೀಟದ ಮೈಬಣ್ಣವನ್ನೇ ಹೋಲುತ್ತದೆ. ದಾರಕ್ಕೆ ರೇಷ್ಮೆ ಆಗಬಹುದು: ನೈಲಾನ್ ಬರುವ ಮೊದಲು ಫ್ಲೈ ಕಟ್ಟುತ್ತಿದ್ದುದು ರೇಷ್ಮೆಯಿಂದಲೇ, ಅಷ್ಟೇ ಅಲ್ಲ, ಗಾಳದ ತುದಿಗೆ ಕಟ್ಟುವ ಪಾರದರ್ಶಕ ಎಳೆಯೂ ಸ್ಪೇನಿನ ಮುರ್ಸಿಯಾದಲ್ಲಿ ಗೂಡು ಕಟ್ಟುವ ಮುನ್ನ ರೇಷ್ಮೆಹುಳುವನ್ನು ವಿನಿಗರಿನಲ್ಲಿ ಹಾಕಿ, ಅದರ ರೇಷ್ಮೆಗ್ರಂಥಿಯನ್ನು ಎಳೆದು ಒಣಗಿಸಿ ಮಾಡಿದ್ದಾಗಿತ್ತು. ಹಿಪ್ಪುನೇರಳೆ ಬೆಳೆಯುವ ಮಂಡ್ಯ ಜಿಲ್ಲೆಯವನಿಗೆ ಈ ಸಂಗತಿ ತಿಳಿದಿರಬೇಕು. ನೆನೆದಾಗ ರೇಷ್ಮೆಯ ಬಣ್ಣ ಗಾಢವಾಗುವುದರಿಂದ ಬೇಕಾದ ಬಣ್ಣಕ್ಕಿಂತ ತುಸು ತಿಳಿಯಾದುದನ್ನು ಆರಿಸಿಕೊಳ್ಳಬೇಕು. ಮೈ ತುಂಬಲು ಉಣ್ಣೆ ಬೇಕು. ಬಂಡೂರು ಕುರಿ ಮಾಂಸಕ್ಕೆ ಹೆಸರಾದದ್ದು, ಅದರ ಕೂದಲು ಒರಟು, ಆದ್ದರಿಂದ ಹಳೆಯ ಕರಿಕಂಬಳಿಯ ಅಂಚಿನಿಂದ ಬಿಡಿಸಿದ ಎಳೆಯೇ ಲೇಸು. ಸಾಯರ್ ಕೂಡ ‘ಕಿಲ್ಲರ್ ಬಗ್’ ಎಂಬ ತನ್ನ ಇನ್ನೊಂದು ಫ್ಲೈಯನ್ನು ಕಾಲುಚೀಲ ಹೊಲಿಯುವ ಉಣ್ಣೆಯಿಂದ ಕಟ್ಟಿದವನೇ.

ಶಿಷ್ಯ: ಪುಕ್ಕಕ್ಕೆ ಕಾಡುಕೋಳಿ ಮತ್ತು ನವಿಲನ್ನು ಹೊಗಳುವುದನ್ನು ಕೇಳಿದ್ದುಂಟು.

ಮೇಷ್ಟ್ರು: ಎರಡನ್ನೂ ಮುಟ್ಟಬಾರದು. ದಕ್ಷಿಣ ಭಾರತದ ಬೂದು ಕಾಡುಕೋಳಿಯ ಕತ್ತಿನ ಮೇಲಿರುವ, ಮೇಣದ ಬೊಟ್ಟಿನಂಥ ಮಚ್ಚೆಯ ಪುಕ್ಕಕ್ಕೆ ಇಂಗ್ಲೆಂಡಿನ ಫ್ಲೈ ಕಟ್ಟುವವರಲ್ಲಿ ಎಷ್ಟು ಬೇಡಿಕೆಯಿತ್ತೆಂದರೆ, ಆ ಹಕ್ಕಿಗಳನ್ನು ಕೊಂದು ಕತ್ತಿನ ಚರ್ಮವನ್ನೇ ಹಡಗಿಗೆ ಹೇರುತ್ತಿದ್ದರು. ಮೀನುಗಾರಿಕೆಯ ಹವ್ಯಾಸವೊಂದು ಇಲ್ಲಿಯ ಕಾಡಿಗೆ ಮಾಡಿದ ನೇರ ಹಾನಿಯಿದು. ಇಂದು ಆ ಹಕ್ಕಿಗೂ ನವಿಲಿಗೂ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ರಕ್ಷಣೆಯಿದೆ. ತಾನಾಗಿ ಉದುರಿದ ನವಿಲುಗರಿಗೆ ದೇಶದೊಳಗೆ ವಿನಾಯಿತಿ ಇರುವುದು ನಿಜ. ಆದರೆ ನಾಗಮಂಗಲ ತಾಲ್ಲೂಕಿನ ಆದಿಚುಂಚನಗಿರಿ ನವಿಲುಧಾಮದಂಥ ಕಡೆಯಿಂದ ಏನನ್ನೂ ಎತ್ತಿಕೊಂಡು ಬರಕೂಡದು, ಮಾರುವವನ ಬಳಿಯ ಗರಿ ಉದುರಿದ್ದೋ ಕಿತ್ತದ್ದೋ ಎಂದು ಹೇಳುವುದೂ ಸುಲಭವಲ್ಲ. ಅನುಮಾನದ ವಸ್ತುವಿಗಿಂತ ನಾಟಿಕೋಳಿಯ ಕಂದು ಪುಕ್ಕ ಮೇಲು. ಅದು ಹಿತ್ತಲಿನಲ್ಲೇ ಬಿದ್ದಿರುತ್ತದೆ.

ಶಿಷ್ಯ: ಹಾಗಾದರೆ ಒಂದನ್ನು ಮೊದಲಿನಿಂದ ಕೊನೆಯವರೆಗೆ ಕಟ್ಟುವ ಕ್ರಮವನ್ನು ತಾವೇ ವಿವರಿಸಬೇಕು.

ಮೇಷ್ಟ್ರು: ಮೊದಲು ಇಕ್ಕಳದಿಂದ ಗಾಳದ ಹಿಮ್ಮುಳ್ಳನ್ನು ಒತ್ತಿ ಚಪ್ಪಟೆ ಮಾಡಬೇಕು, ಕಟ್ಟಿದ ಮೇಲೆ ಒತ್ತಲು ಹೋದರೆ ಮೊನೆ ಮುರಿದು, ಅಷ್ಟು ಹೊತ್ತಿನ ಕೆಲಸವೆಲ್ಲ ಹಾಳಾಗುತ್ತದೆ. ಬಳಿಕ 3 ಮಿಲಿಮೀಟರ್ ಮಣಿಯನ್ನು ಮೊನೆಯ ಕಡೆಯಿಂದ ಪೋಣಿಸಿ ಕಣ್ಣಿನವರೆಗೆ ತಳ್ಳಿ, ಗಾಳವನ್ನು ವೈಸ್ ಎಂಬ ಹಿಡಿಕಟ್ಟಿನಲ್ಲಿ ಬಿಗಿಯಬೇಕು. ಮಣಿಯ ಹಿಂದೆ ತಾಮ್ರದ ತಂತಿಯನ್ನು ಒತ್ತೊತ್ತಾಗಿ ಏಳೆಂಟು ಸುತ್ತು ಸುತ್ತಿ, ಉಗುರಿನಿಂದ ಮುಂದಕ್ಕೆ ದೂಡಿದರೆ ಮಣಿ ಅಲ್ಲಾಡುವುದು ನಿಲ್ಲುತ್ತದೆ. ಈಗ ದಾರ ಹಿಡಿದು ಬಾಗಿನವರೆಗೆ ಹೋಗಿ, ಬಾಲಕ್ಕೆ ನಾಟಿಕೋಳಿ ಪುಕ್ಕದ ನಾಲ್ಕೈದು ಎಳೆಗಳನ್ನು ಮೈಯ ಅರ್ಧದಷ್ಟು ಉದ್ದಕ್ಕೆ ಕಟ್ಟಬೇಕು. ಅದೇ ಜಾಗದಲ್ಲಿ ಮೈಮೇಲೆ ಸುತ್ತಲಿರುವ ತಂತಿಯ ತುದಿಯನ್ನೂ ಸೇರಿಸಬೇಕು. ಕಂಬಳಿಯ ಎಳೆಯನ್ನು ಬೆರಳುಗಳ ನಡುವೆ ಹೊಸೆದು ದಾರಕ್ಕೆ ಹಿಡಿಸುವಾಗ, ಸಾಕೆನಿಸಿದ್ದರಲ್ಲೂ ಅರ್ಧವನ್ನು ತೆಗೆದುಹಾಕಬೇಕು. ಮೈ ದಪ್ಪಗಾದಷ್ಟೂ ನೀರಿನ ತಡೆ ಹೆಚ್ಚಿ, ಅದೇ ತೂಕದ ಫ್ಲೈ ನಿಧಾನವಾಗಿ ಮುಳುಗುತ್ತದೆಂಬುದನ್ನು ಮರೆತು ಮಣಿಯ ಮೇಲೆ ಮಣಿ ಏರಿಸುವವರೇ ಹೆಚ್ಚು. ತೆಳುವಾದ ಮೈ ಉಚಿತವಾಗಿ ದೊರೆಯುವ ತೂಕ. ಉಣ್ಣೆಯನ್ನು ಮಣಿಯ ಬಳಿಗೆ ಬರುತ್ತಾ ಸ್ವಲ್ಪ ದಪ್ಪವಾಗುವಂತೆ ಸುತ್ತಿ, ತಂತಿಯನ್ನು ವಿರುದ್ಧ ದಿಕ್ಕಿನಲ್ಲಿ ನಾಲ್ಕೈದು ಸುತ್ತು ತಂದರೆ ಮರಿಕೀಟದ ಹೊಟ್ಟೆಯ ಉಂಗುರಗಳು ಮೂಡುತ್ತವೆ, ಉಣ್ಣೆಯೂ ಭದ್ರವಾಗುತ್ತದೆ. ಮಣಿಯ ಹಿಂದೆ ದಾರವನ್ನು ಅದರ ಮೇಲೆಯೇ ಹಾಯಿಸಿ ಗಂಟು ಬಿಗಿದು, ಒಂದು ಹನಿ ವಾರ್ನಿಷ್ ಹಾಕಿದರೆ ಕೆಲಸ ಮುಗಿಯಿತು. ಅದೇ ಅಳತೆಯನ್ನು ಟಂಗ್‌ಸ್ಟನ್, ಹಿತ್ತಾಳೆ ಮತ್ತು ಮಣಿಯಿಲ್ಲದ ಬರಿಯ ತಂತಿ ಎಂದು ಮೂರು ತೂಕಗಳಲ್ಲಿ ಕಟ್ಟಿ, ಗುರುತಿಗಾಗಿ ಕೊನೆಯ ಗಂಟಿಗೆ ಬೇರೆ ಬೇರೆ ಬಣ್ಣದ ದಾರ ಬಳಸಬೇಕು. ಇಲ್ಲವಾದರೆ ಡಬ್ಬಿಯಲ್ಲಿ ಬೆರೆತ ಮೇಲೆ ಯಾವುದು ಎಷ್ಟು ಭಾರವೆಂದು ತಿಳಿಯುವುದಿಲ್ಲ.

ಶಿಷ್ಯ: ಈ ಮೂರರಲ್ಲಿ ಯಾವುದನ್ನು ಎಲ್ಲಿ ಬಳಸಬೇಕೆಂಬುದು ಗೊತ್ತಾಗುವುದು ಹೇಗೆ?

ಮೇಷ್ಟ್ರು: ಮಳೆಗಾಲ ಕಳೆದು ನೀರು ತಗ್ಗಿ ತಿಳಿಯಾದ ಮೇಲೆ ಹೊಳೆಗಿಳಿದು ಕಲ್ಲುಗಳನ್ನು ಎತ್ತಿ ನೋಡುವುದರಿಂದ. ಅಡಿಮೈಯಲ್ಲಿ ಚಪ್ಪಟೆಯಾಗಿ ಅಂಟಿಕೊಂಡು, ಎತ್ತಿದೊಡನೆ ಏಡಿಯಂತೆ ಪಕ್ಕಕ್ಕೆ ಸರಿಯುವ, ಬಾಲದಲ್ಲಿ ಎರಡು ಅಥವಾ ಮೂರು ಎಳೆಗಳಿರುವ ಮರಿ ಮೇಫ್ಲೈಯದು. ಕಲ್ಲಿನ ಸಂದಿಯಲ್ಲಿ ಸಣ್ಣ ಬಲೆ ನೇಯ್ದುಕೊಂಡು ಸೆಳೆತ ತರುವ ಆಹಾರವನ್ನು ಸೋಸುವ ಹಸಿರುಗಂದು ಹುಳು ಕ್ಯಾಡಿಸ್. ಕೊಳಚೆ ಸೇರುವ ಕಡೆ ಇವು ವಿರಳವಾಗಿ ಕೆಂಪು ಹುಳುಗಳಷ್ಟೇ ಉಳಿಯುತ್ತವೆ. ನೀರಿನ ಆರೋಗ್ಯವನ್ನು ಅಳೆಯಲು ವಿಜ್ಞಾನಿಗಳು ಈ ಕೀಟಗಳನ್ನೇ ಮಾನದಂಡವಾಗಿ ಬಳಸುವುದೂ ಇದಕ್ಕಾಗಿ. ನೋಡಿದ ಮೇಲೆ ಅದೇ ಗಾತ್ರ, ಅದೇ ಬಣ್ಣಕ್ಕೆ ಕಟ್ಟಬೇಕು. ತೂಕದ ಮಟ್ಟಿಗೆ, ಕಲ್ಲುಹಾಸಿನ ಮೇಲೆ ನೊರೆಗರೆಯುತ್ತಾ ಇಳಿಯುವ ನೀರಿಗೆ ಟಂಗ್‌ಸ್ಟನ್, ಅದರ ಕೆಳಗೆ ಹರವಾಗಿ ನಡೆಯುವ ನೀರಿಗೆ ಹಿತ್ತಾಳೆ, ಮಡುವಿನ ಅಂಚಿನ ನಿಧಾನದ ನೀರಿಗೂ ಸಿಂಧಘಟ್ಟದ ಕೆರೆಗೂ ಬರಿಯ ತಂತಿ. ಕೆರೆಯಲ್ಲಿ ಸೆಳೆತವಿಲ್ಲ, ಅಲ್ಲಿ ಇರುವುದು ಏರೋಪ್ಲೇನ್ ಚಿಟ್ಟೆಯ ದಪ್ಪ ಮರಿ. ಅದರ ನಕಲು ನಿಧಾನವಾಗಿ ಇಳಿಯಬೇಕು. ಗೊರೂರಿನ ಅಣೆಕಟ್ಟೆ 1979ರಲ್ಲಿ ಮುಗಿದಂದಿನಿಂದ ಹೇಮಾವತಿಯ ಮಟ್ಟ ಮಳೆಯನ್ನಷ್ಟೇ ಅಲ್ಲ, ನೀರು ಬಿಡುವ ನಿರ್ಧಾರವನ್ನೂ ಅನುಸರಿಸುತ್ತದೆ. ಬೆಳಿಗ್ಗೆ ಸರಿಯಾಗಿದ್ದ ತೂಕ ಸಂಜೆಗೆ ಸಾಲದೆ ಹೋಗಬಹುದು. ನೀರು ಏರತೊಡಗಿದರೆ ಫ್ಲೈ ಬದಲಿಸುತ್ತಾ ನಿಲ್ಲದೆ ದಂಡೆಗೆ ಬರುವುದು ಮೊದಲ ಕೆಲಸ. ಭಾರವಾದ ಫ್ಲೈಯನ್ನು ಬೀಸುವಾಗ ಟೋಪಿಯೂ ಕನ್ನಡಕವೂ ಇರಲೇಬೇಕು.

ಶಿಷ್ಯ: ಎಲ್ಲಿ ಬೇಕಾದರೂ ಹೀಗೆ ಗಾಳ ಹಾಕಬಹುದೇ?

ಮೇಷ್ಟ್ರು: ಇಲ್ಲ. ಕರ್ನಾಟಕದ ಒಳನಾಡು ಮೀನುಗಾರಿಕೆಗೆ 1996ರ ಕಾಯಿದೆಯಿದೆ. ಕೆರೆಯಾದರೆ ಮೀನಿನ ಹಕ್ಕನ್ನು ಗುತ್ತಿಗೆ ಪಡೆದವರ, ಹೊಳೆಯಾದರೆ ಮೀನುಗಾರಿಕೆ ಇಲಾಖೆಯ ಅನುಮತಿಯನ್ನು ವಿಚಾರಿಸಿಯೇ ಇಳಿಯಬೇಕು. ಶ್ರೀರಂಗಪಟ್ಟಣದ ಬಳಿಯ ರಂಗನತಿಟ್ಟು 1940ರಿಂದ ಪಕ್ಷಿಧಾಮ, ಅಲ್ಲಿ ಗಾಳಕ್ಕೆ ಎಡೆಯಿಲ್ಲ. ಕಾವೇರಿ ವನ್ಯಜೀವಿಧಾಮದ ಭೀಮೇಶ್ವರಿ, ಗಾಲಿಬೋರೆಗಳಲ್ಲಿ ಹಿಡಿದು ಬಿಡುವ ಮೀನುಗಾರಿಕೆ ದಶಕಗಳ ಕಾಲ ನಡೆದು, 2012ರ ಹೊತ್ತಿಗೆ ನಿಂತಿತು. ಮೇಲ್ಗಡೆಯ ರಾಮನಾಥಪುರದಲ್ಲಿ ಕಾವೇರಿಯ ಮೀನುಗಳನ್ನು ಭಕ್ತರೇ ಕಾಯುತ್ತಾರೆ, ಅಲ್ಲಿ ಗಾಳದ ಮಾತನ್ನೂ ಆಡುವಂತಿಲ್ಲ. ಅನುಮತಿಯಿರುವ ನೀರಿನಲ್ಲಿಯೂ ಗೆಂಡೆಯನ್ನು ಮನೆಗೆ ತರುವುದು ಹಿಡಿದವನ ಇಷ್ಟ. ಬಿಳಿಮೀನು ಸಿಕ್ಕಿದರೆ ಅದನ್ನು ನೀರಿನಿಂದ ಮೇಲೆತ್ತದೆ, ಒದ್ದೆ ಕೈಯಲ್ಲಿ ಹಿಡಿದು, ಮುಳ್ಳಿಲ್ಲದ ಗಾಳವನ್ನು ಬಿಡಿಸಿ ಬಿಟ್ಟುಬಿಡಬೇಕು. ಕಿತ್ತಳೆ ಬಣ್ಣದ ರೆಕ್ಕೆಯ, ಬೆನ್ನು ಉಬ್ಬಿದ ಕಾವೇರಿಯ ಮಹಶೀರ್ ಜಗತ್ತಿನಲ್ಲಿ ಈ ಕೊಳ್ಳದಲ್ಲಿ ಮಾತ್ರ ಇದೆ. ಅದರ ವೈಜ್ಞಾನಿಕ ಹೆಸರು ಟಾರ್ ರೆಮಾದೇವಿಯೈ ಎಂದು ಖಚಿತವಾದ 2018ರಲ್ಲೇ ಅದು ಅಂತರರಾಷ್ಟ್ರೀಯ ಕೆಂಪುಪಟ್ಟಿಯಲ್ಲಿ ‘ತೀವ್ರ ಅಪಾಯದಲ್ಲಿರುವ’ ಜಾತಿಯಾಗಿ ದಾಖಲಾಯಿತು.